ತಾಯಿ ಕಾರ್ಡಿನಲ್ಲಿ ಯಾರೂ ಓದದ ಪುಟ

ಏಳೆಂಟು ತಿಂಗಳಾದರೂ ಕೂಸಿನ ಕುತ್ತಿಗೆ ನಿಲ್ಲದಿದ್ದರೆ ಜಮಖಂಡಿ ಕಡೆಯ ಹಿರಿಯರು ‘ಅವರಪ್ಪನೂ ಹಂಗ ಇದ್ದ, ತಡಾ ಮಾಡಿ ಎದ್ದ’ ಅನ್ನುತ್ತಾರೆ. ಪ್ರೀತಿಯಿಂದ ಹೇಳುವ ಮಾತೇ. ಆದರೆ ಮಿದುಳು ತುಂಬ ಬೇಗ ಕಲಿಯುವ ಮೊದಲ ಎರಡು ವರ್ಷ ಆ ಸಮಾಧಾನದಲ್ಲೇ ಕಳೆದುಹೋಗುತ್ತವೆ. ಆಮೇಲೆ ಸಾಲ ಮಾಡಿ ಮಿರಜಕ್ಕೆ ಓಡುವುದು. ಜಮಖಂಡಿ ಸೇರಿರುವ ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಎಷ್ಟೋ ಮೊದಲಿನಿಂದ ಈ ಭಾಗದವರಿಗೆ ದೊಡ್ಡ ದವಾಖಾನೆ ಅಂದರೆ ಮಿರಜವೇ.

ಹಾಗೆ ನೋಡಿದರೆ ಎಚ್ಚರಿಕೆ ಮನೆಯಲ್ಲೇ ಇರುತ್ತದೆ. ಯಾವ ತಿಂಗಳಿಗೆ ಕೂಸು ನಗಬೇಕು, ಯಾವಾಗ ಆಸರೆಯಿಲ್ಲದೆ ಕೂರಬೇಕು ಎಂದು ತಾಯಿ ಕಾರ್ಡಿನಲ್ಲಿ ಚಿತ್ರಸಮೇತ ಅಚ್ಚಾಗಿದೆ. ಚುಚ್ಚುಮದ್ದಿನ ಪುಟ ಮಡಚಿ ಮಡಚಿ ಹರಿದಿರುತ್ತದೆ; ಈ ಪುಟ ಮಾತ್ರ ಹೊಸದಾಗಿಯೇ ಉಳಿದಿರುತ್ತದೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಇಬ್ಬರು ಆಯುಷ್ ವೈದ್ಯರು, ಒಬ್ಬ ಔಷಧ ವಿತರಕ, ಒಬ್ಬ ನರ್ಸ್ ಇರುವ ಗಾಡಿ ಅದು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗಿದೆಯೇ ಎಂದು ನೋಡಿ, ಅನುಮಾನ ಬಂದರೆ ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು. ಕಾಗದದ ಮೇಲೆ ಚೆಂದವೇ ಇದೆ. ಉಳಿದ ಮುನ್ನೂರರವತ್ಮೂರು ದಿನ ನೋಡುವವರು ಯಾರು? ಅಂಗನವಾಡಿ ಕಾರ್ಯಕರ್ತೆ, ಆಶಾ, ಪಕ್ಕದ ಮನೆಯಾಕೆ.

ನೋಡುವುದಕ್ಕೂ ಊರಿಂದ ಊರಿಗೆ ಬೇರೆ ಕಣ್ಣು ಬೇಕು. ರಬಕವಿ-ಬನಹಟ್ಟಿಯ ನೇಕಾರರ ಮನೆಯಲ್ಲಿ ಪಾವರ್‌ಲೂಮಿನ ಸದ್ದು ಬೆಳಗಿನಿಂದಲೇ. ಅಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದು, ಕೂಸು ಸಪ್ಪಳಕ್ಕೆ ತಿರುಗದಿದ್ದರೆ ‘ರೂಢಿ ಆಗೇದ ಬಿಡ್ರಿ’ ಅನ್ನುವುದು ಸಹಜ. ಕಿವಿಯ ದೋಷ ಅಲ್ಲಿ ಸುಲಭವಾಗಿ ಅಡಗುತ್ತದೆ. ಮಗ್ಗ ನಿಲ್ಲಿಸಿ, ಕೂಸಿನ ಬೆನ್ನ ಹಿಂದೆ ನಿಂತು ತಾಟು ಬಾರಿಸಿ ನೋಡಬೇಕು. ಮುಧೋಳ, ಬೀಳಗಿ ಕಡೆ ಕಬ್ಬಿನ ಹಂಗಾಮಿನಲ್ಲಿ ಗ್ಯಾಂಗುಗಳ ಜೊತೆ ಬರುವ ಮಕ್ಕಳ ಕಥೆ ಇನ್ನೊಂದು. ಗುಡಿಸಲು ಇಲ್ಲಿ, ಹೆಸರು ಇನ್ನೆಲ್ಲೋ ಊರಿನ ಅಂಗನವಾಡಿ ಪಟ್ಟಿಯಲ್ಲಿ.

ಸೋದರಮಾವನಿಗೇ ಹೆಣ್ಣು ಕೊಡುವ ರೂಢಿಯ ಬಗ್ಗೆಯೂ ಮುಲಾಜಿಲ್ಲದೆ ಮಾತಾಡಬೇಕು. ಕೆಲವು ಆನುವಂಶಿಕ ತೊಂದರೆಗಳ ಸಾಧ್ಯತೆಯನ್ನು ಅದು ಹೆಚ್ಚಿಸುತ್ತದೆ. ಹಾಗೆಂದು ಎಲ್ಲವನ್ನೂ ಅದರ ತಲೆಗೆ ಕಟ್ಟಿದರೆ ಹೆರಿಗೆಯಲ್ಲಿ ತಡವಾಗಿ ಅತ್ತದ್ದು, ಕಾಮಾಲೆ ತಲೆಗೇರಿದ್ದು ಮರೆತೇ ಹೋಗುತ್ತವೆ. ಇವುಗಳಲ್ಲಿ ಹಲವನ್ನು ತಡೆಯಬಹುದಿತ್ತು. ಬೈಗುಳ ಮಾತ್ರ ಯಾವಾಗಲೂ ತಾಯಿಗೇ.

ನನಗೆ ಭರವಸೆ ಹುಟ್ಟಿಸುವವರು ವಿಆರ್‌ಡಬ್ಲ್ಯುಗಳು, ಅಂದರೆ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರಲ್ಲಿ ಹೆಚ್ಚಿನವರು ತಾವೇ ಅಂಗವಿಕಲರು. ಎರಡು ಹೆಚ್ಚುವರಿ ಚಕ್ರದ ಸ್ಕೂಟರಿನಲ್ಲಿ ಬರುವವರು ಮನೆ ಮುಂದೆ ನಿಂತು ಅಂಗವಿಕಲರ ಗುರುತಿನ ಚೀಟಿಯಾದ ‘ಯುಡಿಐಡಿ ಕಾರ್ಡ್ ಮಾಡಿಸೋಣು’ ಅಂದರೆ ಮುಚ್ಚಿದ ಬಾಗಿಲು ತೆರೆಯುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಅಥವಾ ಬಹುವಿಧ ವೈಕಲ್ಯ ಇದ್ದವರಿಗೆ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿಯ ಖರ್ಚೂ ಸೇರಿ. ಗೊತ್ತಿರುವವರೇ ಕಡಿಮೆ.

ಥೆರಪಿಸ್ಟ್ ತೋರಿಸಿಕೊಟ್ಟದ್ದನ್ನು ದಿನಾ ಮಾಡುವವಳು ತಾಯಿ. ಅವಳಿಗೆ ಬೇಕಾದ ಸಾಮಾನು ಕೆಲವೊಮ್ಮೆ ಬಹಳ ಸಣ್ಣದು. ತಾನಾಗಿ ಕೂರಲಾಗದ ಕೂಸಿಗೆ ಆಸರೆಯಾಗುವ ಮೂಲೆ ಕುರ್ಚಿಯನ್ನೇ ನೋಡಿ: ಲಂಬವಾಗಿ ಸೇರಿಸಿದ ಎರಡು ಹಲಗೆ, ಕೆಳಗೊಂದು ಕೂರುವ ಮಣೆ, ಸೊಂಟಕ್ಕೆ ಹಳೆ ಸೀರೆಯ ಪಟ್ಟಿ, ಮುಂದೆ ತಾಟಿಡಲು ಹಲಗೆ. ಅಳತೆಯನ್ನು ಥೆರಪಿಸ್ಟ್ ಹೇಳಿದರೆ ಊರಿನ ಬಡಿಗೇರ ಮಾಡಿಕೊಡುತ್ತಾನೆ. ಅಂಗಾತ ಮಲಗಿಸಿ ಗಂಜಿ ಹಾಕಿದರೆ ಪುಪ್ಪುಸಕ್ಕೆ ಇಳಿಯುವ ಭಯ. ನೆಟ್ಟಗೆ ಕೂತರೆ ಅದು ಕಡಿಮೆ. ಇಷ್ಟು ದಿನ ಜಂತಿ ನೋಡುತ್ತ ಮಲಗಿದ್ದ ಕೂಸಿಗೆ ಮಗ್ಗ ಎದುರಿಗೇ ಕಾಣುತ್ತದೆ, ಕಣ್ಣು ಲಾಳಿಯ ಹಿಂದೆ ಆಚೆ ಈಚೆ ಓಡುತ್ತದೆ.