ವಿಷದ ಹತ್ತು ಗುರುತುಗಳು: ಒಂದು ಕಾರ್ಡಾಟದ ನಿಯಮ ವಿಚಾರ

ಆಟದ ಸೋಲುಗೆಲುವು ಸಾಮಾನ್ಯವಾಗಿ ಒಂದೇ ಲೆಕ್ಕದಿಂದ ನಿರ್ಣಯವಾಗುತ್ತದೆ. ಒಬ್ಬನ ಅಂಕ ಏರುತ್ತದೆ, ಇನ್ನೊಬ್ಬನದು ಇಳಿಯುತ್ತದೆ. ಇಳಿದದ್ದು ಮರಳಿ ಏರಲೂಬಹುದು. ಆದರೆ ಅದೇ ಆಟದೊಳಗೆ ಎರಡನೆಯ ಲೆಕ್ಕವೊಂದು ನಡೆಯುತ್ತಿದ್ದು, ಅದರಲ್ಲಿ ಒಮ್ಮೆ ಬರೆದದ್ದನ್ನು ಅಳಿಸಲು ಬಾರದಂತಿದ್ದರೆ ಆಟದ ಸ್ವರೂಪವೇ ಬೇರೆಯಾಗುತ್ತದೆ. ಅಮೆರಿಕದಲ್ಲಿ ಹುಟ್ಟಿ ಹಲವು ದೇಶಗಳಿಗೆ ಹರಡಿರುವ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಕಾರ್ಡಾಟದಲ್ಲಿ ‘ವಿಷ’ ಎಂಬ ನಿಯಮವು ಇಂತಹ ಎರಡನೆಯ ಲೆಕ್ಕವಾಗಿದೆ. ಅಳಿಸಲಾಗದ ಶಿಕ್ಷೆಯೊಂದನ್ನು ಆಟದೊಳಗೆ ನ್ಯಾಯವಾಗಿ ಅಳವಡಿಸುವುದು ಹೇಗೆ ಎಂಬ ಪ್ರಶ್ನೆಗೆ ಆ ಆಟದ ರಚನಕಾರರು ಮೂರು ದಶಕಗಳ ಕಾಲ ಉತ್ತರ ಹುಡುಕಿದ್ದಾರೆ. ಮಕ್ಕಳ ತಪ್ಪುಒಪ್ಪುಗಳನ್ನು ದಿನವೂ ತೂಗಬೇಕಾದ ಅಧ್ಯಾಪಕರಿಗೆ ಈ ಹುಡುಕಾಟ ಅಪ್ರಸ್ತುತವೆನಿಸಲಾರದು.

ಆಟದ ಸ್ವರೂಪ

ಈ ಆಟವನ್ನು ರಚಿಸಿದವರು ರಿಚರ್ಡ್ ಗಾರ್‌ಫೀಲ್ಡ್. ಅವರು ಗಣಿತಶಾಸ್ತ್ರಜ್ಞರು, 1993ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದವರು, ವಿಟ್‌ಮನ್ ಕಾಲೇಜಿನಲ್ಲಿ ಗಣಿತವನ್ನು ಬೋಧಿಸಿದವರು. ಅದೇ 1993ರಲ್ಲಿ ‘ವಿಜಾರ್ಡ್ಸ್ ಆಫ್ ದಿ ಕೋಸ್ಟ್’ ಸಂಸ್ಥೆಯು ಈ ಆಟವನ್ನು ಪ್ರಕಟಿಸಿತು.

ಇಸ್ಪೀಟಿನಲ್ಲಿ 52 ಎಲೆಗಳು ಆಡುವವರೆಲ್ಲರಿಗೂ ಸಮಾನ. ಇಲ್ಲಿ ಹಾಗಲ್ಲ. ಸಾವಿರಾರು ಬಗೆಯ ಕಾರ್ಡುಗಳಲ್ಲಿ ತನಗೆ ಬೇಕಾದವನ್ನು ಆರಿಸಿಕೊಂಡು, ಕನಿಷ್ಠ 60 ಕಾರ್ಡುಗಳ ಸ್ವಂತ ಕಟ್ಟನ್ನು ಪ್ರತಿಯೊಬ್ಬನೂ ಸಿದ್ಧಪಡಿಸಿ ತರುತ್ತಾನೆ. ಕೆಲವು ಕಾರ್ಡುಗಳು ‘ಭೂಮಿ’ಯನ್ನು ಸೂಚಿಸುತ್ತವೆ, ಅವುಗಳಿಂದ ‘ಮಾನಾ’ ಎಂಬ ಶಕ್ತಿ ದೊರೆಯುತ್ತದೆ. ಆ ಶಕ್ತಿಯನ್ನು ವ್ಯಯಿಸಿ ಜೀವಿಗಳನ್ನು ಕಣಕ್ಕಿಳಿಸಬಹುದು, ಮಂತ್ರಗಳನ್ನು ಪ್ರಯೋಗಿಸಬಹುದು. ಪ್ರತಿ ಜೀವಿಗೂ ಎರಡು ಅಂಕೆಗಳಿರುತ್ತವೆ: ಹೊಡೆಯುವ ಬಲ ಒಂದು, ಹೊಡೆತವನ್ನು ತಾಳುವ ಶಕ್ತಿ ಇನ್ನೊಂದು. ಆಟಗಾರನ ಪ್ರಾಣಾಂಕವು ಆರಂಭದಲ್ಲಿ 20. ಎದುರಾಳಿಯ ಹೊಡೆತಗಳಿಂದ ಅದು ಸೊನ್ನೆಗೆ ಇಳಿದರೆ ಅವನು ಸೋತಂತೆ. ಆದರೆ ಪ್ರಾಣಾಂಕವನ್ನು ಹೆಚ್ಚಿಸುವ ಕಾರ್ಡುಗಳೂ ಹೇರಳವಾಗಿವೆ; ಆದ್ದರಿಂದ ಕಳೆದುಕೊಂಡದ್ದನ್ನು ಮರಳಿ ಗಳಿಸಿಕೊಳ್ಳಲು ಅವಕಾಶವುಂಟು.

ಎರಡನೆಯ ಲೆಕ್ಕ

ವಿಷದ ನಿಯಮ ಒಂದೇ ವಾಕ್ಯದಷ್ಟು ಚಿಕ್ಕದು: ಹತ್ತು ಅಥವಾ ಅದಕ್ಕಿಂತ ಹೆಚ್ಚು ವಿಷದ ಗುರುತುಗಳನ್ನು ಪಡೆದವನು ಸೋಲುತ್ತಾನೆ. ಗುರುತೆಂದರೆ ಆಟಗಾರನ ಮುಂದೆ ಇಡುವ ಒಂದು ಬಿಲ್ಲೆ ಅಥವಾ ಹರಳು. ಅವನ ಪ್ರಾಣಾಂಕ 20 ಇರಲಿ, 200 ಇರಲಿ, ಹತ್ತನೆಯ ಗುರುತು ಬಿದ್ದಕೂಡಲೇ ಆಟ ಮುಗಿಯಿತು. ಪ್ರಾಣಾಂಕವನ್ನು ಹೆಚ್ಚಿಸಿಕೊಂಡರೆ ವಿಷ ಇಳಿಯದು. ಎರಡು ಲೆಕ್ಕಗಳಿಗೂ ಕೊಡುಕೊಳೆಯಿಲ್ಲ. ವಿಷವನ್ನು ತೆಗೆಯುವ ಕಾರ್ಡುಗಳು ಅತಿ ವಿರಳ. 1995ರ ‘ಹೋಮ್‌ಲ್ಯಾಂಡ್ಸ್’ ಮಾಲೆಯ ‘ಲೀಚಸ್’, ಎಂದರೆ ಜಿಗಣೆಗಳು, ಅಂತಹ ಒಂದು ಕಾರ್ಡು. ಅದು ಆಟಗಾರನ ವಿಷವನ್ನೆಲ್ಲ ಹೀರಿ ತೆಗೆಯುತ್ತದೆ. ಆದರೆ ಎಷ್ಟು ಗುರುತುಗಳಿದ್ದವೋ ಅಷ್ಟೇ ಹೊಡೆತವನ್ನು ಅವನಿಗೆ ಕೊಡುತ್ತದೆ. ಮದ್ದಿಗೂ ಬೆಲೆ ತೆರಬೇಕು.

ಈ ನಿಯಮದ ಮೊದಲ ಕಾರ್ಡುಗಳು 1994ರ ‘ಲೆಜೆಂಡ್ಸ್’ ಮಾಲೆಯಲ್ಲಿ ಬಂದವು. ಅವುಗಳಲ್ಲೊಂದು ‘ಪಿಟ್ ಸ್ಕಾರ್ಪಿಯನ್’ ಎಂಬ ಚೇಳು. ಅದನ್ನು ಕಣಕ್ಕಿಳಿಸಲು ಮೂರು ಮಾನಾ ಬೇಕು. ಅದರ ಬಲ 1, ತಾಳಿಕೆ 1. ಅದು ಎದುರಾಳಿಯನ್ನು ಹೊಡೆದಾಗಲೆಲ್ಲ ಒಂದು ಗುರುತು ಬೀಳುತ್ತದೆ. ಅಂದರೆ ಸಣ್ಣ ಪೆಟ್ಟಿಗೂ ಸಾಯುವ ಆ ಚೇಳು ಹತ್ತು ಬಾರಿ ಕುಟುಕಿ ಬದುಕಿ ಉಳಿಯಬೇಕು. ಅದು ಅಪರೂಪದ ಮಾತು. ಕಲ್ಪನೆ ಭಯಂಕರವಾಗಿದ್ದರೂ ಆಚರಣೆಯಲ್ಲಿ ವಿಷ ದುರ್ಬಲವಾಗಿಯೇ ಉಳಿಯಿತು. 1990ರ ದಶಕದ ಕೊನೆಯ ವೇಳೆಗೆ ಅದು ಹೊಸ ಮಾಲೆಗಳಿಂದ ಮರೆಯಾಯಿತು. 2007ರ ‘ಫ್ಯೂಚರ್ ಸೈಟ್’ ಮಾಲೆಯಲ್ಲಿ ಮತ್ತೆ ತಲೆದೋರಿತು.

ಸೋಂಕು

ವಿಷಕ್ಕೆ ನಿಜವಾದ ಬಲ ಬಂದದ್ದು 2010ರ ‘ಸ್ಕಾರ್ಸ್ ಆಫ್ ಮಿರೊಡಿನ್’ ಮಾಲೆಯಲ್ಲಿ. ವಿಷದ ನಿಯಮವನ್ನು ಮರಳಿ ತರಬೇಕೆಂದು ಬಹುಕಾಲದಿಂದ ಬಯಸಿದ್ದ ಮಾರ್ಕ್ ರೋಸ್‌ವಾಟರ್ ಅವರೇ ಅದರ ಮುಖ್ಯ ವಿನ್ಯಾಸಕಾರರು. ಲೋಹದ ಲೋಕವೊಂದನ್ನು ಫೈರೆಕ್ಸಿಯನ್ನರೆಂಬವರು ರೋಗದಂತೆ ವ್ಯಾಪಿಸುವುದು ಆ ಮಾಲೆಯ ಕಥೆ. ಅದಕ್ಕೆ ತಕ್ಕಂತೆ ‘ಇನ್‌ಫೆಕ್ಟ್’, ಎಂದರೆ ಸೋಂಕು, ಎಂಬ ಗುಣವನ್ನು ಜೀವಿಗಳಿಗೆ ಕೊಡಲಾಯಿತು. ಸೋಂಕುಳ್ಳ ಜೀವಿಯು ಆಟಗಾರನನ್ನು ಹೊಡೆದರೆ ಪ್ರಾಣಾಂಕ ಇಳಿಯುವುದಿಲ್ಲ. ಹೊಡೆತದ ಪ್ರಮಾಣದಷ್ಟು ವಿಷದ ಗುರುತುಗಳು ಬೀಳುತ್ತವೆ. ಇನ್ನೊಂದು ಜೀವಿಯನ್ನು ಹೊಡೆದರೆ ಆ ಜೀವಿಯ ಬಲವೂ ತಾಳಿಕೆಯೂ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತವೆ. ಸಾಮಾನ್ಯ ಗಾಯವು ಸರದಿಯ ಕೊನೆಗೆ ಮಾಯುತ್ತದೆ. ಸೋಂಕಿನ ಗಾಯ ಮಾಯುವುದಿಲ್ಲ.

ಒಂದು ಉದಾಹರಣೆಯಿಂದ ಇದರ ತೀವ್ರತೆ ತಿಳಿಯುತ್ತದೆ. 2011ರ ‘ನ್ಯೂ ಫೈರೆಕ್ಸಿಯಾ’ ಮಾಲೆಯ ‘ಗ್ಲಿಸನರ್ ಎಲ್ಫ್’ ಒಂದೇ ಮಾನಾದ, ಬಲ 1 ಇರುವ ಸೋಂಕಿನ ಜೀವಿ. ‘ಜೈಂಟ್ ಗ್ರೋತ್’ ಎಂಬುದು ಆಟದ ಮೊದಲ ಮಾಲೆಯಿಂದಲೂ ಇರುವ ಒಂದೇ ಮಾನಾದ ಮಂತ್ರ; ಅದು ಒಂದು ಜೀವಿಯ ಬಲವನ್ನು ಆ ಸರದಿಯ ಮಟ್ಟಿಗೆ 3ರಷ್ಟು ಹೆಚ್ಚಿಸುತ್ತದೆ. ಎದುರಾಳಿ ತಡೆಯದಿದ್ದಾಗ ಎಲ್ಫ್‌ನ ಮೇಲೆ ಆ ಮಂತ್ರವನ್ನು ಮೂರು ಬಾರಿ ಪ್ರಯೋಗಿಸಿದರೆ 1 ಮತ್ತು 9 ಸೇರಿ ಬಲ 10 ಆಗುತ್ತದೆ. ಸರದಿಗೊಂದರಂತೆ ಭೂಮಿಯನ್ನು ಇಳಿಸುವ ಆಟದಲ್ಲಿ ಇದು ಮೂರನೆಯ ಸರದಿಯಲ್ಲೇ ಸಾಧ್ಯ. ಸೋಂಕಿಲ್ಲದ ಜೀವಿಯು ಹಾಗೆಯೇ ಹೊಡೆದಿದ್ದರೆ ಎದುರಾಳಿಯ 20 ಪ್ರಾಣಾಂಕದಲ್ಲಿ 10 ಉಳಿಯುತ್ತಿತ್ತು, ಆಟ ಅರ್ಧದಲ್ಲಿರುತ್ತಿತ್ತು. ಸೋಂಕಿನಿಂದಾದರೆ 20ಕ್ಕೆ 20 ಉಳಿದಿರುವಾಗಲೇ ಅವನು ಸೋಲುತ್ತಾನೆ.

ಈ ಗುಣಕ್ಕೆ ಇನ್ನೊಂದು ಮುಖವಿದೆ. ಸೋಂಕಿನ ಹೊಡೆತವೂ ಸಾಮಾನ್ಯ ಹೊಡೆತವೂ ಒಂದರೊಡನೊಂದು ಕೂಡುವುದಿಲ್ಲ. ಎದುರಾಳಿಗೆ ಐದು ಗುರುತು ಹಾಕಿ, ಪ್ರಾಣಾಂಕವನ್ನೂ ಹತ್ತಕ್ಕೆ ಇಳಿಸಿದವನು ಎರಡು ದಾರಿಗಳಲ್ಲೂ ಅರ್ಧಕ್ಕೆ ನಿಂತಂತೆ. ಆದ್ದರಿಂದ ಕಟ್ಟನ್ನು ಪೂರ್ತಿಯಾಗಿ ಸೋಂಕಿಗೆ ಮೀಸಲಿಡಬೇಕು, ಇಲ್ಲವೇ ಅದನ್ನು ಕೈಬಿಡಬೇಕು. ಮಧ್ಯಮ ಮಾರ್ಗಕ್ಕೆ ಎಡೆಯಿರಲಿಲ್ಲ.

ಮೊದಲ ಗುರುತಿನ ಬೆಲೆ

ಅದೇ 2010ರಲ್ಲಿ ‘ಪ್ರೊಲಿಫರೇಟ್’, ಎಂದರೆ ವೃದ್ಧಿ, ಎಂಬ ಕ್ರಿಯೆಯೂ ಬಂದಿತು. ಇದನ್ನು ಮಾಡುವವನು ಈಗಾಗಲೇ ಗುರುತುಗಳಿರುವ ಆಟಗಾರರನ್ನೂ ಕಾರ್ಡುಗಳನ್ನೂ ಆರಿಸಿ, ಇರುವ ಪ್ರತಿ ಬಗೆಯ ಗುರುತಿಗೆ ಇನ್ನೊಂದನ್ನು ಸೇರಿಸುತ್ತಾನೆ. ಒಂದು ಎರಡಾಗುತ್ತದೆ, ಒಂಬತ್ತು ಹತ್ತಾಗುತ್ತದೆ. ಆದರೆ ಸೊನ್ನೆ ಒಂದಾಗುವುದಿಲ್ಲ. ಒಂದೂ ಗುರುತಿಲ್ಲದವನ ಮೇಲೆ ವೃದ್ಧಿಯ ವಿಷ ನಾಟುವುದಿಲ್ಲ. ಒಂದು ಗುರುತು ಬಿದ್ದವನಾದರೋ, ಮುಂದೆ ಯಾವ ಜೀವಿಯೂ ತನ್ನನ್ನು ಮುಟ್ಟದಂತೆ ಕಾದುಕೊಂಡರೂ, ಒಂದೊಂದಾಗಿ ಹತ್ತನ್ನು ಮುಟ್ಟಬಹುದು. ಲೆಕ್ಕದಲ್ಲಿ ಸೊನ್ನೆಯಿಂದ ಒಂದಕ್ಕಿರುವ ಅಂತರವೂ ಒಂದರಿಂದ ಎರಡಕ್ಕಿರುವ ಅಂತರವೂ ಸಮ. ಈ ಆಟದಲ್ಲಿ ಸಮವಲ್ಲ. ಅನುಭವಸ್ಥರು ಒಂಬತ್ತನೆಯ ಗುರುತಿಗೆ ಅಂಜುವಂತೆಯೇ ಮೊದಲನೆಯದಕ್ಕೂ ಅಂಜುವುದು ಈ ಕಾರಣದಿಂದ.

ತಿದ್ದಿದ ನಿಯಮ

2023ರ ‘ಫೈರೆಕ್ಸಿಯಾ: ಆಲ್ ವಿಲ್ ಬಿ ಒನ್’ ಮಾಲೆಯಲ್ಲಿ ವಿಷವು ಹೊಸ ರೂಪದಲ್ಲಿ ಬಂದಿತು. ಅದರ ಹೆಸರು ‘ಟಾಕ್ಸಿಕ್’. ಇಲ್ಲಿ ಹೊಡೆತವು ಎಂದಿನಂತೆ ಪ್ರಾಣಾಂಕವನ್ನು ಇಳಿಸುತ್ತದೆ. ಅದರ ಜೊತೆಗೆ ಕಾರ್ಡಿನಲ್ಲಿ ನಮೂದಿಸಿದಷ್ಟು ಗುರುತುಗಳು ಬೀಳುತ್ತವೆ. ‘ಟಾಕ್ಸಿಕ್ 1’ ಎಂದಿದ್ದರೆ ಒಂದೇ ಗುರುತು. ಮಂತ್ರಬಲದಿಂದ ಜೀವಿಯ ಬಲವನ್ನು 10ಕ್ಕೆ ಏರಿಸಿದರೂ ಗುರುತು ಒಂದೇ. ಮೇಲಿನ ಉದಾಹರಣೆಯನ್ನು ಈ ನಿಯಮದಡಿ ನೋಡಿದರೆ ಎದುರಾಳಿಗೆ 10 ಪ್ರಾಣಾಂಕ ಉಳಿಯುತ್ತದೆ, ವಿಷ ಒಂದು ಬೀಳುತ್ತದೆ, ಆಟ ಮುಂದುವರಿಯುತ್ತದೆ. ಎರಡು ದಾರಿಗಳ ಶ್ರಮವೂ ವ್ಯರ್ಥವಾಗುವುದಿಲ್ಲ. ಅದೇ ಮಾಲೆಯ ‘ಕರಪ್ಟೆಡ್’ ಎಂಬ ಗುಣವುಳ್ಳ ಕಾರ್ಡುಗಳು ಎದುರಾಳಿಗೆ ಮೂರು ಗುರುತುಗಳಾದಾಗ ಹೆಚ್ಚಿನ ಫಲ ಕೊಡುತ್ತವೆ. ಹೀಗೆ ಹತ್ತಕ್ಕೆ ಮೊದಲೇ ಒಂದು ಎಚ್ಚರಿಕೆಯ ಮೆಟ್ಟಿಲು ಏರ್ಪಟ್ಟಿತು.

ಆದರೂ ಚರ್ಚೆ ಮುಗಿದಿಲ್ಲ. ಹಲವರು ಕೂಡಿ ಆಡುವ ‘ಕಮಾಂಡರ್’ ಪದ್ಧತಿಯಲ್ಲಿ ಪ್ರಾಣಾಂಕ 40ರಿಂದ ಆರಂಭವಾದರೂ ವಿಷದ ಮಿತಿ ಹತ್ತೇ ಆಗಿದೆ. ಇಬ್ಬಿಬ್ಬರ ಜೋಡಿಗಳು ಎದುರುಬದುರಾಗಿ ಆಡುವ ‘ಟೂ ಹೆಡೆಡ್ ಜೈಂಟ್’ ಪದ್ಧತಿಯಲ್ಲಾದರೋ ಜೋಡಿಗೆ ಪ್ರಾಣಾಂಕ 30, ವಿಷದ ಮಿತಿ 15. ಒಂದೆಡೆ ಮಿತಿಯನ್ನು ಏರಿಸಿ ಇನ್ನೊಂದೆಡೆ ಹಾಗೆಯೇ ಬಿಟ್ಟದ್ದು ಸರಿಯೇ ಎಂಬ ಪ್ರಶ್ನೆ ಆಟಗಾರರ ನಡುವೆ ಜೀವಂತವಾಗಿದೆ.

ಪಾಠದ ಕೋಣೆಗೆ

ಈ ಕಾರ್ಡುಗಳನ್ನು ಬಹುಮಟ್ಟಿಗೆ ಮುಚ್ಚಿದ ಪೊಟ್ಟಣಗಳಲ್ಲಿ ಮಾರಲಾಗುತ್ತದೆ. ಒಳಗೇನಿದೆಯೆಂದು ಕೊಳ್ಳುವವನಿಗೆ ತಿಳಿಯದು. ಅಪರೂಪದ ಕಾರ್ಡಿನ ಆಸೆಗೆ ಮಕ್ಕಳು ಹಣ ಸುರಿಯದಂತೆ ಹಿರಿಯರು ಎಚ್ಚರ ವಹಿಸಬೇಕಾದುದು ಯುಕ್ತ. ಆದರೆ ನಿಯಮದ ಸಾರವನ್ನು ತಿಳಿಯಲು ಒಂದು ಕಾರ್ಡನ್ನೂ ಕೊಳ್ಳಬೇಕಿಲ್ಲ. ಒಂದು ಹಾಳೆಯಲ್ಲಿ ಎರಡು ಅಂಕಣ ಗೆರೆದು, ಹುಣಸೆ ಬೀಜಗಳನ್ನು ಗುರುತುಗಳಾಗಿಟ್ಟುಕೊಂಡರೆ ಮೇಲಿನ ಲೆಕ್ಕಗಳನ್ನೆಲ್ಲ ಮಕ್ಕಳು ತಾವೇ ಮಾಡಿ ನೋಡಬಹುದು.

ಹಾಗೆ ನೋಡಿದಾಗ ಆಟ ಕಲಿಸುವ ಪಾಠವೂ ಕಾಣುತ್ತದೆ. ಅಳಿಸಲಾಗದ ಲೆಕ್ಕವನ್ನು ಇಡುವವನು ಅದನ್ನು ಗುಟ್ಟಾಗಿ ಇಡಬಾರದು. ವಿಷದ ಗುರುತುಗಳು ಸದಾ ಎಲ್ಲರ ಕಣ್ಣಿಗೂ ಕಾಣುವಂತಿರುತ್ತವೆ. ಒಂದೇ ಏಟಿಗೆ ಹತ್ತು ಗುರುತು ಬೀಳುವ ನಿಯಮಕ್ಕಿಂತ, ಒಂದೊಂದಾಗಿ ಬಿದ್ದು ನಡುವೆ ಎಚ್ಚರಿಸುವ ನಿಯಮ ಮೇಲು. ಶಿಕ್ಷೆಗೆ ಒಳಗಾಗುವವನಿಗೆ ಅದನ್ನು ತಡೆಯುವ ಅವಕಾಶವಿರಬೇಕು. ಹಾಗೆಯೇ, ಗುರುತು ಪಡೆಯುವವನ ಹೊಣೆಯೂ ಅಲ್ಲಿದೆ: ಹತ್ತನೆಯದನ್ನು ತಡೆಯುವುದು ಕಷ್ಟ, ಮೊದಲನೆಯದನ್ನು ತಡೆಯುವುದು ಸುಲಭ. ಒಂದು ಆಟದ ನಿಯಮವು ನೆಲೆಗೊಳ್ಳಲು ಮೂವತ್ತು ವರ್ಷಗಳ ತಿದ್ದುಪಡಿ ಬೇಕಾಯಿತೆಂದರೆ, ಮಕ್ಕಳ ಬಾಳಿಗೆ ನಿಯಮ ಮಾಡುವವರು ಎಷ್ಟು ತಾಳ್ಮೆಯಿಂದ ಯೋಚಿಸಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.