ಉಕ್ಕಿನ ಕಂಬದಲ್ಲಿ ಕೃಂತನಬಲಕ್ಕೂ ಸುನಮ್ಯ ನಮನಶಕ್ತಿಗೂ ಇರುವ ಸಂಬಂಧ

ಕಂಬವು ಮೇಲಿನ ಭಾರವನ್ನು ಹೊರುವುದೆಂಬುದು ಸರ್ವವಿದಿತ. ಅಡ್ಡಲಾಗಿ ಒದಗುವ ಬಲವನ್ನು ಅದು ತಡೆಯುವ ಬಗೆ ಅಷ್ಟು ಪರಿಚಿತವಲ್ಲ. 2022ರ ಜೂನ್ ತಿಂಗಳ ಕೊನೆಯಲ್ಲಿ ಸುಳ್ಯ ಸೀಮೆಯಲ್ಲಿಯೂ ನೆರೆಯ ಕೊಡಗಿನ ಗಡಿಯಲ್ಲಿಯೂ ಲಘು ಭೂಕಂಪಗಳು ಮೇಲಿಂದ ಮೇಲೆ ಆದುವು. ಅವು ಅಲ್ಪಪ್ರಮಾಣದವಾದರೂ, ಪುತ್ತೂರು, ಸುಳ್ಯ, ಕಡಬಗಳ ಗುಡ್ಡದ ಇಳಿಜಾರುಗಳಲ್ಲಿ ಕಟ್ಟುವವರಿಗೆ ಈ ವಿಚಾರವು ಅವಶ್ಯಜ್ಞೇಯವೆಂಬುದನ್ನು ತೋರಿಸಿಕೊಟ್ಟುವು.

ಮೊದಲು ಪರಿಭಾಷೆ. ‘ಕೃತ್’ ಎಂದರೆ ಕತ್ತರಿಸು. ಕಂಬದ ಒಂದು ಭಾಗವನ್ನು ಅದಕ್ಕೆ ಹೊಂದಿದ ಭಾಗದ ಮೇಲೆ ಅಡ್ಡಕ್ಕೆ ಜಾರಿಸಲೆಳಸುವ ಬಲವೇ ಕೃಂತನಬಲ. ‘ನಮ್’ ಎಂದರೆ ಬಾಗು. ಬಾಗಿಸುವ ಬಲವನ್ನು ಅದರ ದೂರದಿಂದ ಗುಣಿಸಿದ ಫಲವೇ ನಮನಭ್ರಾಮಕ. ಮಿತಿಯೊಳಗೆ ಬಾಗಿದ ಉಕ್ಕು, ಗಾಳಿಗೆ ಬಾಗಿದ ಅಡಕೆಯ ಮರದಂತೆ, ಮರಳಿ ನೆಟ್ಟಗಾಗುವುದು. ಮಿತಿ ಮೀರಿದರೆ ಅದು ಕೂಡಲೆ ಮುರಿಯದೆ, ಅಕ್ಕಸಾಲಿಗನ ತಂತಿಯಂತೆ, ಬಾಗಿದ ಹಾಗೆಯೇ ನಿಲ್ಲುವುದು. ಈ ಗುಣವೇ ಸುನಮ್ಯತೆ. ಅಡ್ಡಕೊಯ್ತದ ಎಳೆಯೆಳೆಯೂ ಈ ಸ್ಥಿತಿಯನ್ನು ಮುಟ್ಟಿದಾಗ ಕಂಬವು ತಾಳುವ ಭ್ರಾಮಕವೇ ಅದರ ಸುನಮ್ಯ ನಮನಶಕ್ತಿ. ಹಂಗೇರಿಯ ಕಾಜಿಂತ್ಸಿ 1914ರಲ್ಲಿ ಉಕ್ಕಿನ ತೊಲೆಗಳನ್ನು ಪರೀಕ್ಷಿಸಿ ಈ ಗುಣದ ಉಪಯೋಗವನ್ನು ತೋರಿಸಿದನು. ಬ್ರಿಟನ್ನಿನ ಬೇಕರ್ ಅದನ್ನು ಶಾಸ್ತ್ರವಾಗಿ ಬೆಳೆಸಿದನು.

ಇನ್ನು ಸಂಬಂಧ. ಎರಡು ತುದಿಗಳಲ್ಲಿಯೂ ಬಿಗಿಯಾದ ಕಂಬವು ಅಡ್ಡಕ್ಕೆ ಓಲಾಡಿದಾಗ ತುದಿಗಳ ಭ್ರಾಮಕಗಳೆರಡೂ ಒಂದೇ ದಿಕ್ಕಿಗೆ ತಿರುಗಿಸುವುವು. ನಡುವೆ ಬೇರೆ ಅಡ್ಡಬಲವಿಲ್ಲದಿದ್ದರೆ, ಅವುಗಳ ಮೊತ್ತವನ್ನು ಎತ್ತರದಿಂದ ಭಾಗಿಸಿದ ಲಬ್ಧವೇ ಕೃಂತನಬಲ. ನಮನಶಕ್ತಿ 150 ಕಿಲೋನ್ಯೂಟನ್-ಮೀಟರ್, ಎತ್ತರ 3 ಮೀಟರ್ ಎಂದಿಟ್ಟುಕೊಂಡರೆ, 300ನ್ನು 3ರಿಂದ ಭಾಗಿಸಲು 100 ಕಿಲೋನ್ಯೂಟನ್ ದೊರೆಯುವುದು. ತುದಿಗಳು ಇದಕ್ಕಿಂತ ಹೆಚ್ಚಿನ ಭ್ರಾಮಕವನ್ನು ತಾಳಲಾರವಾದುದರಿಂದ, ಇದಕ್ಕೆ ಮೀರಿದ ಕೃಂತನಬಲವು ಆ ಕಂಬದಲ್ಲಿ ಹುಟ್ಟಲಾರದು. ಮೇಲಿನ ಭಾರವು ನಮನಶಕ್ತಿಯ ಒಂದಂಶವನ್ನು ಕಳೆಯುವುದುಂಟು. ಆಗ ಉಳಿದುದನ್ನೇ ಲೆಕ್ಕಕ್ಕೆ ಹಿಡಿಯತಕ್ಕದ್ದು.

ಗಿಡ್ಡ ಕಂಬವೇ ಗಟ್ಟಿಯಲ್ಲವೆ ಎಂಬ ಶಂಕೆ ಹುಟ್ಟಬಹುದು. ಸಮಾಧಾನವಿದು: ಗಟ್ಟಿಯಾದುದರಿಂದಲೇ ಅದು ಹೆಚ್ಚು ಬಲವನ್ನು ತನ್ನೆಡೆಗೆ ಸೆಳೆದುಕೊಳ್ಳುವುದು. ಇಳಿಜಾರಿನಲ್ಲಿ ಕಟ್ಟಿದ ಮನೆಯ ತಗ್ಗಿನ ಕಡೆಯ ಕಂಬ 3 ಮೀಟರ್ ಇದ್ದು, ಗುಡ್ಡದ ಕಡೆಯದು 1.5 ಮೀಟರ್ ಇದ್ದರೆ, ಎರಡನೆಯದರಲ್ಲಿ ಕೃಂತನಬಲವು 200 ಕಿಲೋನ್ಯೂಟನ್ ಆಗುವುದು. ಕಂಬದ ಕೃಂತನಸಾಮರ್ಥ್ಯ 300 ಎಂದಿದ್ದರೆ ಅದು ಕೂಡಲೆ ಸೋಲದು. ಆದರೆ ಭಾರತೀಯ ಮಾನಕ ಬ್ಯೂರೋದ 800ನೆಯ ಮಾನಕದ 2007ರ ಪರಿಷ್ಕರಣದಂತೆ, ಕೃಂತನಬಲವು ಸಾಮರ್ಥ್ಯದ ಹತ್ತರಲ್ಲಿ ಆರಂಶವನ್ನು, ಇಲ್ಲಿ 180ನ್ನು, ದಾಟಿದರೆ ನಮನಶಕ್ತಿಯನ್ನೇ ತಗ್ಗಿಸಿ ಎಣಿಸಬೇಕು. ಹೀಗೆ ಒಂದು ಮತ್ತೊಂದನ್ನು ಹುಟ್ಟಿಸುವುದು, ಹುಟ್ಟಿದುದು ಹುಟ್ಟಿಸಿದುದನ್ನು ಕುಗ್ಗಿಸುವುದು.

ನಿಜವಾದ ಉಕ್ಕು ಗಣಿತದಲ್ಲಿ ಹಿಡಿದುದಕ್ಕಿಂತ ಬಲಿಷ್ಠವಾಗಿರುವುದೂ ಉಂಟು. ಆಗ ಕೃಂತನಬಲವೂ ಏರುವುದು. ಆದುದರಿಂದ ಕಂಬದ ನಡುಹಲಗೆ, ಬೆಸುಗೆ, ಬೋಲ್ಟು, ಬುಡದ ಜೋಡಣೆ ಇವುಗಳ ಕೃಂತನಸಾಮರ್ಥ್ಯವನ್ನು ನಮನಶಕ್ತಿಯಿಂದ ಬಂದ ಲೆಕ್ಕಕ್ಕಿಂತ ಮಿಗಿಲಾಗಿಯೇ ಇರಿಸಬೇಕು. ಬಾಗಿದ ಕಂಬವು ಕಣ್ಣಿಗೆ ಬಿದ್ದು ಒಳಗಿನವರಿಗೆ ಹೊರಬರಲು ಅವಕಾಶ ಕೊಡುವುದು. ಹಠಾತ್ತಾಗಿ ಹರಿದ ಬೆಸುಗೆ ಕೊಡದು.