40 ಟನ್ ಕಬ್ಬಿಣ, 78 ಗಂಟೆ

ಮೇಸ್ತ್ರಿಗಳ ನಾಲಗೆಯ ತುದಿಯಲ್ಲೇ ಒಂದು ಅಂದಾಜು ಲೆಕ್ಕ ಇರುತ್ತದೆ. ಆರ್‌ಸಿಸಿ ಕಟ್ಟಡವಾದರೆ ಹತ್ತು ಚದರ ಅಡಿಗೆ ನಾಲ್ಕು ಮೂಟೆ ಸಿಮೆಂಟು, ಒಂದು ಚದರ ಅಡಿಗೆ ನಾಲ್ಕು ಕಿಲೋ ಕಬ್ಬಿಣ. ಅಂಗವೈಕಲ್ಯವಿರುವ ಮಕ್ಕಳಿಗಾಗಿ ಒಂದು ಕ್ರೈಸ್ತ ಸೇವಾಸಂಸ್ಥೆ 10,000 ಚದರ ಅಡಿಯ ಥೆರಪಿ ಕೇಂದ್ರ ಕಟ್ಟುತ್ತಿದೆ ಎಂದುಕೊಳ್ಳಿ. ಸಿಮೆಂಟೇ 4,000 ಮೂಟೆ, ಅಂದರೆ 200 ಟನ್. ಕಬ್ಬಿಣ 40 ಟನ್. ಜಲ್ಲಿ, ಮರಳು, ನೀರಿನ ಲೆಕ್ಕ ಬೇರೆ. ಪಾಯ ಮುಗಿಯಿತು, ಗೋಡೆ ಲಿಂಟಲ್ ಮಟ್ಟಕ್ಕೆ ಬಂತು, ಮುಂದಿನ ತಿಂಗಳು ಮೋಲ್ಡ್ ಹಾಕುತ್ತೇವೆ, ಪ್ರಾರ್ಥಿಸಿ, ಕೈಲಾದಷ್ಟು ಕೊಡಿ. ಇಂಥ ಸಂಸ್ಥೆಗಳು ದಾನಿಗಳಿಗೆ ಬರೆಯುವ ಪತ್ರಗಳ ಧಾಟಿ ಎಲ್ಲ ಕಡೆ ಹೆಚ್ಚುಕಡಿಮೆ ಇದೇ. ಜೊತೆಗೊಂದು ಶೇಕಡಾವಾರು ಸಂಖ್ಯೆ ಇರುತ್ತದೆ: ಕಾಮಗಾರಿ ಶೇ 60 ಮುಗಿದಿದೆ, ಶೇ 75 ಮುಗಿದಿದೆ.

ಆ ಶೇಕಡಾ ಸಂಖ್ಯೆಯ ಬಗ್ಗೆಯೇ ನನ್ನ ತಕರಾರು. ಅದು ಸುಳ್ಳಲ್ಲ. ಆದರೆ ಅದು ಅಳೆಯುವುದು ಇಡೀ ಕೆಲಸದ ತೀರ ಚಿಕ್ಕ ಭಾಗವನ್ನು.

ಮೊದಲು ಕಟ್ಟಡಕ್ಕೆ ಸಲ್ಲಬೇಕಾದ ಗೌರವ ಸಲ್ಲಿಸಿಬಿಡೋಣ. ಇದು ಮಾಮೂಲಿ ಕಟ್ಟಡವಲ್ಲ. ಗಾಲಿಕುರ್ಚಿಯ ಇಳಿಜಾರು ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿರಬೇಕು: ಒಂದಡಿ ಮೇಲೇರಲು ಹನ್ನೆರಡು ಅಡಿ ಉದ್ದ. ಮಳೆನೀರು ಒಳಗೆ ಬಾರದಿರಲೆಂದು ನೆಲವನ್ನು ಎರಡಡಿ ಎತ್ತರಿಸಿದರೆ ಬಾಗಿಲ ಮುಂದೆ 24 ಅಡಿಯ ಇಳಿಜಾರು ಬೇಕು. ಮೊದಲ ಮಹಡಿ 11 ಅಡಿ ಮೇಲಿದ್ದರೆ 132 ಅಡಿ. ಮಧ್ಯೆ ಮಧ್ಯೆ ನಿಲ್ಲಲು, ತಿರುಗಲು ಸಮತಟ್ಟು ಜಾಗ ಸೇರಿಸಿದರೆ ಇನ್ನೂ ಹೆಚ್ಚು. ಮೆಟ್ಟಿಲಲ್ಲಿ ನಾವು ಅರ್ಧ ನಿಮಿಷದಲ್ಲಿ ಓಡಿ ಹತ್ತುವ ಎತ್ತರ ಅದು. ಬಾಗಿಲು 90 ಸೆಂಟಿಮೀಟರ್ ಅಗಲ. ಗಾಲಿಕುರ್ಚಿ ಸುತ್ತು ತಿರುಗಲು ಶೌಚಾಲಯದೊಳಗೂ ಒಂದೂವರೆ ಮೀಟರ್ ಖಾಲಿ ನೆಲ. ಹೀಗಾಗಿ ಇಂಥ ಕಟ್ಟಡದಲ್ಲಿ ಗಣನೀಯ ಜಾಗ ಬರೀ ಓಡಾಟಕ್ಕೇ ಹೋಗುತ್ತದೆ. ಹೋಗಲೇಬೇಕು.

ಇನ್ನು ಒಳಗಿನ ಲೆಕ್ಕ. ಹತ್ತು ಮಂದಿ ಥೆರಪಿಸ್ಟರು ಇದ್ದಾರೆ ಎನ್ನೋಣ (ಇಷ್ಟು ಜನ ಸಿಗುವುದೇ ಕಷ್ಟ, ಆ ಮಾತು ಬೇರೆ). ಒಬ್ಬೊಬ್ಬರು ದಿನಕ್ಕೆ ಎಂಟು ಮಕ್ಕಳನ್ನು ತಲಾ 45 ನಿಮಿಷ ನೋಡುತ್ತಾರೆ. ವರ್ಷದಲ್ಲಿ 300 ದಿನ ದುಡಿದರೆ 2,400 ಸರದಿ. ಒಂದು ಮಗು ವಾರಕ್ಕೆ ಎರಡು ಸಲ ಬಂದರೆ ವರ್ಷಕ್ಕೆ 104 ಸರದಿ ಬೇಕು. ಭಾಗಿಸಿ ನೋಡಿ: ಒಬ್ಬ ಥೆರಪಿಸ್ಟಿನ ಪಾಲಿಗೆ 23 ಮಕ್ಕಳು. ಹತ್ತು ಮಂದಿಗೆ 230. 40 ಟನ್ ಕಬ್ಬಿಣ, 200 ಟನ್ ಸಿಮೆಂಟು, ಎರಡು ವರ್ಷದ ಕಾಮಗಾರಿ, ಎಲ್ಲ ಸೇರಿ ನಿಲ್ಲುವುದು ಈ 230ರ ಮುಂದೆ.

ಬೇಡಿಕೆ ಎಷ್ಟು? ಸೆರೆಬ್ರಲ್ ಪಾಲ್ಸಿ ಒಂದನ್ನೇ ತೆಗೆದುಕೊಳ್ಳಿ. ಮಿದುಳು ಬೆಳೆಯುವ ಹಂತದಲ್ಲಿ ಪೆಟ್ಟು ತಿಂದು ಕೈಕಾಲುಗಳ ಚಲನೆ, ನಿಲುವು ಹದ ತಪ್ಪುವ ಸ್ಥಿತಿ ಇದು. ಹುಟ್ಟುವ ಸಾವಿರ ಮಕ್ಕಳಲ್ಲಿ ಎರಡರಿಂದ ಮೂರು ಮಕ್ಕಳಿಗೆ ಬರುತ್ತದೆ. ಭಾರತದಲ್ಲಿ ವರ್ಷಕ್ಕೆ ಸುಮಾರು 2.3 ಕೋಟಿ ಹೆರಿಗೆ. ಸಾವಿರಕ್ಕೆ ಮೂರು ಎಂದು ಹಿಡಿದರೆ 69,000 ಮಕ್ಕಳು. 230ರಿಂದ ಭಾಗಿಸಿದರೆ ಸರಿಯಾಗಿ 300. ಪ್ರತಿ ವರ್ಷ ಹುಟ್ಟುವ ಮಕ್ಕಳಿಗಾಗಿಯೇ 300 ಹೊಸ ಕಟ್ಟಡ, ಮರುವರ್ಷ ಮತ್ತೆ 300. ನಮ್ಮ ರಾಜ್ಯದ ಪಾಲು ವರ್ಷಕ್ಕೆ ಸುಮಾರು 13. ಆಟಿಸಂ, ಡೌನ್ ಸಿಂಡ್ರೋಮ್, ಕಿವುಡುತನ ಯಾವುದನ್ನೂ ಇದಕ್ಕೆ ಸೇರಿಸಿಲ್ಲ. 2011ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಅಂಗವಿಕಲ ಮಕ್ಕಳೆಂದು ದಾಖಲಾದವರು ದೇಶದಲ್ಲಿ 20 ಲಕ್ಷಕ್ಕೂ ಹೆಚ್ಚು. ಆಗ ಎಣಿಸಿದ್ದು ಹಳೆಯ ಪಟ್ಟಿಯಂತೆ. 2016ರ ಕಾಯ್ದೆ ಅಂಗವೈಕಲ್ಯದ ಬಗೆಗಳನ್ನು ಏಳರಿಂದ 21ಕ್ಕೆ ಏರಿಸಿದ್ದು ಆಮೇಲೆ.

ಇಲ್ಲಿಯವರೆಗಿನದು ದೊಡ್ಡ ಸಂಖ್ಯೆಗಳು. ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ಚಿಕ್ಕದೊಂದು ಸಂಖ್ಯೆ. 104 ಸರದಿ, ತಲಾ 45 ನಿಮಿಷ: ಒಟ್ಟು 78 ಗಂಟೆ. ಅದೃಷ್ಟವಂತ ಮಗು, ವಾರಕ್ಕೆ ಎರಡು ಸಲ ಒಂದೂ ತಪ್ಪದೆ ಬಂದ ಮಗು, ವರ್ಷವಿಡೀ ಥೆರಪಿಸ್ಟಿನ ಕೈಯಲ್ಲಿರುವುದು ಇಷ್ಟೇ ಹೊತ್ತು. ದಿನಕ್ಕೆ 12 ಗಂಟೆ ಎಚ್ಚರವಿರುವ ಮಗುವಿನ ಪಾಲಿಗೆ ವರ್ಷವೆಂದರೆ 4,380 ಗಂಟೆ. ಅದರಲ್ಲಿ 78 ಗಂಟೆ ಎಂದರೆ ಶೇ 2ಕ್ಕಿಂತಲೂ ಕಡಿಮೆ. ಉಳಿದ ಶೇ 98ರಷ್ಟು ಕಾಲ ಮಗು ಚಾಪೆಯ ಮೇಲೋ ಅಜ್ಜಿಯ ಮಡಿಲಲ್ಲೋ ಅಂಗಡಿಯ ಮೂಲೆಯಲ್ಲೋ ಇರುತ್ತದೆ.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟು ನೋಡಬೇಕು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು ಆಗತಾನೆ ನಡೆಯಲು ಕಲಿತ ಮಕ್ಕಳ ಹೆಜ್ಜೆಗಳನ್ನು ಎಣಿಸಿ 2012ರಲ್ಲಿ ಪ್ರಕಟಿಸಿದರು. 12ರಿಂದ 19 ತಿಂಗಳ ಮಗು ತನ್ನ ಪಾಡಿಗೆ ಆಡಲು ಬಿಟ್ಟರೆ ಗಂಟೆಗೆ ಸರಾಸರಿ 2,368 ಹೆಜ್ಜೆ ಹಾಕುತ್ತದೆ, 17 ಸಲ ಬೀಳುತ್ತದೆ. ದಿನಕ್ಕೆ ಆರು ಗಂಟೆ ಓಡಾಡಿದರೆ 14,000 ಹೆಜ್ಜೆ, ನೂರು ಬೀಳು. ನಾವು ‘ಎಷ್ಟು ಬೇಗ ನಡೆಯಲು ಕಲಿಯಿತು’ ಎಂದು ಹಿಗ್ಗುತ್ತೇವೆ. ಅದು ಬೇಗ ಕಲಿತದ್ದಲ್ಲ, ಲಕ್ಷ ಲಕ್ಷ ಸಲ ಮಾಡಿ ಕಲಿತದ್ದು. ಈಗ ನಮ್ಮ ಮಗುವಿನ 78 ಗಂಟೆಗೆ ಬನ್ನಿ. ಅಷ್ಟೂ ಹೊತ್ತು ಅದು ಒಂದು ನಿಮಿಷವೂ ಕೂರದೆ, ಉಳಿದ ಮಕ್ಕಳ ವೇಗದಲ್ಲೇ ನಡೆಯಿತು ಎಂದಿಟ್ಟುಕೊಂಡರೂ (ಆಗದ ಮಾತು), ಪಕ್ಕದ ಮನೆಯ ಮಗು 13 ದಿನದಲ್ಲಿ ಆಟವಾಡುತ್ತ ಮುಗಿಸುವಷ್ಟು ಅಭ್ಯಾಸ ಮಾತ್ರ ಅದಕ್ಕೆ ದಕ್ಕುತ್ತದೆ. ಒಂದು ವರ್ಷದ ಥೆರಪಿ, 13 ದಿನದ ಆಟ.

ಕಾಲವೂ ಕಾಯುವುದಿಲ್ಲ. ಹುಟ್ಟಿದ ಕೂಸಿನ ಮಿದುಳು ಗಾತ್ರದಲ್ಲಿ ದೊಡ್ಡವರ ಮಿದುಳಿನ ಕಾಲು ಭಾಗದ ಆಸುಪಾಸು ಇರುತ್ತದೆ. ಎರಡು ವರ್ಷ ತುಂಬುವ ಹೊತ್ತಿಗೆ ಸುಮಾರು ಶೇ 80ರಷ್ಟಾಗಿರುತ್ತದೆ. ಕಟ್ಟಡದ ಶಂಕುಸ್ಥಾಪನೆಯ ದಿನ ಹುಟ್ಟಿದ ಮಗು ಅದರ ಉದ್ಘಾಟನೆಯ ದಿನ ಎರಡು ವರ್ಷದ್ದು. ಬಿಷಪ್ಪರು ರಿಬ್ಬನ್ ಕತ್ತರಿಸುವಾಗ ಕಾಮಗಾರಿ ಪೂರ್ತಿ ಮುಗಿದಿರುತ್ತದೆ, ಆ ಮಗುವಿನ ಮಿದುಳಿನ ಗಾತ್ರದ ಬೆಳವಣಿಗೆಯೂ ಬಹುಪಾಲು ಮುಗಿದಿರುತ್ತದೆ.

ಹಾಗಾದರೆ ಕಟ್ಟುವುದೇ ಬೇಡವೇ? ವೆಲ್ಲೂರಿನ ಕಥೆ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. ಕೋಲಾರ, ಬೆಂಗಳೂರು ಕಡೆಯವರಿಗೆ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆ (ಸಿಎಂಸಿ) ಎಂದರೆ ನೆರೆಮನೆ ಇದ್ದಂತೆ. ಕಾಟ್ಪಾಡಿಯಲ್ಲಿ ರೈಲಿಳಿದು ಹೋಗಿಬಂದವರು ಪ್ರತಿ ಊರಲ್ಲೂ ಇದ್ದಾರೆ. ಅದನ್ನು ಶುರುಮಾಡಿದ ಐಡಾ ಸ್ಕಡರ್ ಅಮೆರಿಕದಲ್ಲಿ ವೈದ್ಯಕೀಯ ಮುಗಿಸಿ 1900ರ ಆರಂಭದಲ್ಲಿ ವಾಪಸು ಬಂದಾಗ ಕೈಯಲ್ಲಿ 10,000 ಡಾಲರ್ ದೇಣಿಗೆ ಇತ್ತು. ಷೆಲ್ ಎಂಬ ಬ್ಯಾಂಕರ್ ತೀರಿಹೋದ ಹೆಂಡತಿಯ ನೆನಪಿಗೆ ಕೊಟ್ಟದ್ದು. ಆಗಿನ ದರದಲ್ಲಿ ಸುಮಾರು 30,000 ರೂಪಾಯಿ. ನಲವತ್ತು ಹಾಸಿಗೆಗಳ ಆಸ್ಪತ್ರೆ ಎದ್ದು ನಿಂತದ್ದು 1902ರಲ್ಲಿ. ಈಗಿನಂತೆ ಆಗಲೂ ಎರಡು ವರ್ಷವೇ ಹಿಡಿಯಿತು!

ಆದರೆ ಆಕೆ ಆ ಎರಡು ವರ್ಷ ಗೋಡೆ ಏಳುವುದನ್ನು ನೋಡುತ್ತ ಕೂರಲಿಲ್ಲ. ಬಂದ ವರ್ಷವೇ, ಜೊತೆಗೆ ನಿಂತು ದಾರಿ ತೋರಬೇಕಿದ್ದ ವೈದ್ಯ ತಂದೆ ತೀರಿಕೊಂಡರು. ಆದರೂ ಐಡಾ ಒಂದೇ ಹಾಸಿಗೆಯ ದವಾಖಾನೆ ತೆರೆದು ಎರಡು ವರ್ಷದಲ್ಲಿ ಐದು ಸಾವಿರ ರೋಗಿಗಳನ್ನು ನೋಡಿದರು. ದಿನಕ್ಕೆ ಏಳರಂತೆ, ಭಾನುವಾರವೂ ಬಿಡದೆ. ಆ ಪ್ರಗತಿ ವರದಿಯಲ್ಲಿ ಕಟ್ಟಡ ಸೊನ್ನೆ ಇದ್ದಾಗಲೂ ಕೆಲಸ ಸೊನ್ನೆ ಇರಲಿಲ್ಲ.

ಆಮೇಲೆ ಐಡಾಗೆ ಹೊಳೆದದ್ದು ಇನ್ನೂ ದೊಡ್ಡ ಲೆಕ್ಕ. ಒಬ್ಬ ವೈದ್ಯೆಯ ಎರಡು ಕೈ ಸಾಲದು, ಹಾಸಿಗೆ ಎಷ್ಟಿದ್ದರೂ ಸಾಲದು. 1909ರಲ್ಲಿ ದಾದಿಯರ ತರಬೇತಿ, 1918ರಲ್ಲಿ ಮಹಿಳೆಯರ ವೈದ್ಯಕೀಯ ಶಾಲೆ. ಮೊದಲ ವರ್ಷವೇ 151 ಅರ್ಜಿ. ಇದಕ್ಕೆ ಹಣ ಕೂಡಿಸಿದ ಪರಿಯೂ ಸಣ್ಣದಲ್ಲ. ಏಷ್ಯಾದ ಏಳು ಮಹಿಳಾ ಕಾಲೇಜುಗಳಿಗಾಗಿ ಅಮೆರಿಕದ ಚರ್ಚುಗಳ ಹೆಂಗಸರು 20 ಲಕ್ಷ ಡಾಲರ್ ಎತ್ತಿದರೆ ರಾಕ್‌ಫೆಲರ್ ನಿಧಿ 10 ಲಕ್ಷ ಕೊಡುವುದೆಂದು ಮಾತಾಗಿತ್ತು. 1920ರ ದಶಕದ ಆರಂಭದಲ್ಲಿ ಆ ಹೆಂಗಸರು ಎತ್ತಿಯೇಬಿಟ್ಟರು. ಆ ಏಳರಲ್ಲಿ ವೆಲ್ಲೂರೂ ಒಂದು. ಇಂದು ಅಲ್ಲಿ ಹಾಸಿಗೆಗಳನ್ನು ಎಣಿಸುವುದು ಸಾವಿರಗಳಲ್ಲಿ.

ಥೆರಪಿಯ ಮಾತಿಗೆ ಬಂದರೆ ಅಲ್ಲಿನ ಇನ್ನೊಬ್ಬರನ್ನು ಬಿಡುವಂತಿಲ್ಲ. ಕೊಚ್ಚಿಯ ಕಡೆಯ ಮೇರಿ ವರ್ಗೀಸ್, ಸಿಎಂಸಿಯ ಯುವ ವೈದ್ಯೆ. 1954ರ ಜನವರಿಯ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟುಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ನ್ಯೂಯಾರ್ಕಿಗೆ ಹೋಗಿ ಪುನಶ್ಚೇತನ ವೈದ್ಯಶಾಸ್ತ್ರ ಕಲಿತು ಬಂದರು. ರೋಗಿಗಳನ್ನು ಒಳಗಿಟ್ಟುಕೊಂಡು ಪುನಶ್ಚೇತನ ಕೊಡುವ ಸಂಸ್ಥೆ ಅವರ ನೇತೃತ್ವದಲ್ಲಿ ಅಲ್ಲಿ ತೆರೆದದ್ದು 1966ರ ನವೆಂಬರಿನಲ್ಲಿ. ಅಪಘಾತದಿಂದ ಅಲ್ಲಿಗೆ ಹನ್ನೆರಡು ವರ್ಷ ಹತ್ತು ತಿಂಗಳು. ಒಂದಕ್ಕೆ ಹನ್ನೆರಡರ ಇಳಿಜಾರು ಯಾಕೆ ಬೇಕೆಂದು ಅವರಿಗೆ ಯಾವ ಎಂಜಿನಿಯರೂ ಹೇಳಬೇಕಿರಲಿಲ್ಲ.

ಅದೇ ಸಿಎಂಸಿಯ ಬಾಗಾಯಂನಲ್ಲಿ ನಂಬಿಕ್ಕೈ ನಿಲಯಂ ಎಂಬ ಘಟಕವಿದೆ. ಬೌದ್ಧಿಕ ಬೆಳವಣಿಗೆಯ ತೊಂದರೆ ಇರುವ ಮಕ್ಕಳ ಜೊತೆ ತಂದೆತಾಯಿಯೂ ಅಲ್ಲೇ ಉಳಿದು, ಊಟ ಮಾಡಿಸುವುದರಿಂದ ಹಿಡಿದು ಮಾತು ಕಲಿಸುವವರೆಗೆ ತರಬೇತಿ ಪಡೆಯುತ್ತಾರೆ. ಈ ಏರ್ಪಾಡು 78 ಗಂಟೆಯ ಗೊಡವೆಗೇ ಹೋಗುವುದಿಲ್ಲ, ಉಳಿದ 4,302 ಗಂಟೆಗೆ ಕೈ ಹಾಕುತ್ತದೆ. ತಾಯಿ ದಿನಕ್ಕೆ ಒಂದೇ ಗಂಟೆ ಕಲಿತದ್ದನ್ನು ಮಾಡಿದರೂ ವರ್ಷಕ್ಕೆ 365 ಗಂಟೆ, ಕೇಂದ್ರ ಕೊಡುವುದರ ನಾಲ್ಕೂವರೆ ಪಟ್ಟಿಗೂ ಮಿಗಿಲು.

ತಿರುಚು ಪಾದದ ಚಿಕಿತ್ಸೆಯಲ್ಲಿ ಈ ಲೆಕ್ಕ ಇನ್ನೂ ನಿಚ್ಚಳ. ಪೋನ್ಸೆಟಿ ವಿಧಾನದಲ್ಲಿ ವಾರಕ್ಕೊಂದರಂತೆ ಐದಾರು ಪ್ಲಾಸ್ಟರ್ ಹಾಕಿ ಪಾದವನ್ನು ನೇರ ಮಾಡುತ್ತಾರೆ. ಕ್ಯೂರ್ ಎಂಬ ಕ್ರೈಸ್ತ ಸಂಸ್ಥೆ ಭಾರತವೂ ಸೇರಿ ಹಲವು ದೇಶಗಳಲ್ಲಿ ಇದನ್ನು ಮಾಡಿಸಿದೆ. ಪ್ಲಾಸ್ಟರ್ ಹಾಕುವ ವೈದ್ಯರ ಕೈಗೆಲಸ ಎಲ್ಲ ಸೇರಿ ಕೆಲವೇ ಗಂಟೆ. ಆಮೇಲೆ ಸರಳಿಗೆ ಜೋಡಿಸಿದ ಬೂಟು ಮೂರು ತಿಂಗಳು ದಿನಕ್ಕೆ 23 ಗಂಟೆ ಕಾಲಲ್ಲಿರಬೇಕು, ಅಂದರೆ ಎರಡು ಸಾವಿರ ಗಂಟೆಗೂ ಹೆಚ್ಚು. ಅದಾದ ಮೇಲೆ ನಾಲ್ಕೈದು ವರ್ಷ ತುಂಬುವವರೆಗೆ ರಾತ್ರಿಯಿಡೀ. ಕಟ್ಟುವವರು ಅಪ್ಪ ಅಮ್ಮ. ಅವರು ಬಿಟ್ಟರೆ ಪಾದ ಮತ್ತೆ ತಿರುಚಿಕೊಳ್ಳುತ್ತದೆ.

ದೂರದ ಲೆಕ್ಕವೊಂದು ಉಳಿಯಿತು. ಕೇಂದ್ರದಿಂದ 40 ಕಿಲೋಮೀಟರ್ ಆಚೆಯ ಹಳ್ಳಿಯ ತಾಯಿ ವಾರಕ್ಕೆರಡು ಸಲ ಹೋಗಿಬಂದರೆ ವರ್ಷಕ್ಕೆ 8,320 ಕಿಲೋಮೀಟರ್. ಐದು ವರ್ಷಕ್ಕೆ 41,600. ಭೂಮಿಯ ಸುತ್ತಳತೆ 40,075. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಬಸ್ಸು ಬದಲಿಸುತ್ತ, ಆ ದಿನದ ಕೂಲಿ ಬಿಟ್ಟು, ಆಕೆ ಒಂದು ಭೂಪ್ರದಕ್ಷಿಣೆ ಮುಗಿಸಿ ಮೇಲೆ ಸಾವಿರದೈನೂರು ಕಿಲೋಮೀಟರ್ ಸಾಗಿರುತ್ತಾಳೆ. ಬಂದಿಲ್ಲವೆಂದು ಹಾಜರಿ ಪುಸ್ತಕದಲ್ಲಿ ಕೆಂಪು ಗುರುತು ಹಾಕುವವರು ಈ ಸಂಖ್ಯೆಯನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು.

ಕೇಂದ್ರಗಳು ಬೇಕು. ಆದರೆ ಥೆರಪಿ ಕೇಂದ್ರಕ್ಕೆ ದೇಣಿಗೆ ಕೇಳಿಕೊಂಡು ಯಾರಾದರೂ ಬಂದರೆ ಎಷ್ಟು ಚದರ ಅಡಿ ಎಂಬ ಪ್ರಶ್ನೆ ಕೊನೆಗಿರಲಿ. ಈಗಲೇ, ಬಾಡಿಗೆ ಕೋಣೆಯಲ್ಲೋ ಚರ್ಚಿನ ಹಜಾರದಲ್ಲೋ, ಎಷ್ಟು ಮಕ್ಕಳನ್ನು ನೋಡುತ್ತಿದ್ದೀರಿ? ಹತ್ತು ವರ್ಷದ ಮೇಲೆ ಥೆರಪಿಸ್ಟರ ಸಂಬಳ ಎಲ್ಲಿಂದ? ತಾಯಂದಿರು ಉಳಿಯಲು ಕೋಣೆ ಇದೆಯೇ? ಗೋಡೆಯ ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಳ್ಳಲು ದಾನಿಗಳ ಸಾಲು ನಿಲ್ಲುತ್ತದೆ. ಸಂಬಳಕ್ಕೆ ಕೊಡುವವರು ಬೆರಳೆಣಿಕೆ. ಹತ್ತು ಮಂದಿಗೆ ತಿಂಗಳಿಗೆ ತಲಾ 30,000 ರೂಪಾಯಿ ಎಂದರೂ ವರ್ಷಕ್ಕೆ 36 ಲಕ್ಷ. ಏಳೆಂಟು ವರ್ಷದಲ್ಲಿ ಅದೇ ಕಟ್ಟಡದ ವೆಚ್ಚವನ್ನು ದಾಟಿ ಹೋಗುತ್ತದೆ.

ಮನೆಯಲ್ಲಿ ಕೂಸಿರುವವರಿಗೆ ಇನ್ನೊಂದು ಮಾತು. ಐದು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸುತ್ತಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ, ‘ಅವರಪ್ಪನೂ ತಡವಾಗಿಯೇ ನಡೆದದ್ದು’ ಎಂಬ ಮಾತು ಕೇಳಿ ಸುಮ್ಮನಿರಬೇಡಿ. ಯಾವ ಕಟ್ಟಡ ಮುಗಿಯುವುದನ್ನೂ ಕಾಯಬೇಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳಿಗೆ ತಪಾಸಣೆಯೂ ಚಿಕಿತ್ಸೆಯೂ ಉಚಿತ. ಇದಕ್ಕೆಂದೇ ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಎಂಬ ಕೇಂದ್ರಗಳಿವೆ. ಅಂಗನವಾಡಿಯಲ್ಲೋ ಆಶಾ ಕಾರ್ಯಕರ್ತೆಯ ಬಳಿಯೋ ವಿಚಾರಿಸಿ, ಈ ವಾರವೇ ಹೋಗಿ.